ಬೆಳ್ಳಗಿರುವುದೆಲ್ಲ ಹಾಲಲ್ಲ

ನನ್ನ ಮಗಳು ಎಂ.ಕಾಂ. ಓದಿದವಳು. ಖಾಸಗಿ ಕಂಪನಿಯೊಂದರಲ್ಲಿ ಮೂರು ವರ್ಷ ಲೆಕ್ಕ ಬರೆದು, ಒಂದು ದಿನ ಅದನ್ನು ಬಿಟ್ಟು ಮನೆಗೆ ಬಂದು ಕೇಕು ಮಾಡಲು ಕುಳಿತಳು. ಸುಮ್ಮನೆ ಕೇಕಲ್ಲ. ಬಸ್ಸಿನ ಡ್ರೈವರ್ ನಿವೃತ್ತರಾದರೆ ಕೆಂಪು ಬಸ್ಸಿನಂಥ ಕೇಕು, ನಾಮಕರಣಕ್ಕೆ ತೊಟ್ಟಿಲಿನಂಥ ಕೇಕು, ಆರತಕ್ಷತೆಗೆ ಅಂತಸ್ತಿನ ಮೇಲೆ ಅಂತಸ್ತು. ‘ಇಷ್ಟು ಓದಿಸಿದ್ದು ಇದಕ್ಕಾ?’ ಎಂದು ನಾನು ಬಾಯಿಬಿಟ್ಟು ಕೇಳಲಿಲ್ಲ. ಆದರೆ ತಾಯಿಯ ಮುಖ ಓದಲು ಮಕ್ಕಳಿಗೆ ಯಾವ ಡಿಗ್ರಿ ಬೇಕು ಹೇಳಿ?

ಕಳೆದ ವರ್ಷ ನನ್ನ ಸಹೋದ್ಯೋಗಿಯೊಬ್ಬರ ಮಗಳ ಆರತಕ್ಷತೆಗೆ ಮೂರು ಅಂತಸ್ತಿನ ಕೇಕು ಒಪ್ಪಿಕೊಂಡಿದ್ದಳು. ಹಿಂದಿನ ದಿನ ಮೇಜು ಒರೆಸಲು ಕೆಳಗಿನ ಅಂತಸ್ತನ್ನು ಎತ್ತಿದೆ. ಹತ್ತಿಯ ದಿಂಬಿನಂತೆ ಮೇಲೆದ್ದು ಬಂತು!

“ಏನೇ ಇದು? ಒಳಗೆ ಏನೂ ಇಲ್ಲವಾ?”

“ಥರ್ಮಾಕೋಲ್ ಅಮ್ಮ. ಮೇಲಿನದೊಂದೇ ಕೇಕು. ಹಂಚುವುದಕ್ಕೆ ಬೇರೆ ಕೇಕು ಮಾಡಿ ಕಳಿಸ್ತೀನಿ. ಅವರಿಗೂ ಹೇಳಿದ್ದೀನಿ.”

ಆ ಹೊತ್ತಿಗೆ ಸರಿಯಾಗಿ ಸಹೋದ್ಯೋಗಿಯೇ ಬಂದರು. ಕೇಕನ್ನು ನೋಡಿ ಸಂತೋಷಪಟ್ಟು, ಆಮೇಲೆ ನನ್ನ ಕಡೆ ತಿರುಗಿ, “ಒಳಗೆ ಥರ್ಮಾಕೋಲ್ ತಾನೇ ಮೇಡಂ, ಎಂಟು ಸಾವಿರ ಜಾಸ್ತಿ ಆಗಲಿಲ್ಲವಾ?” ಅಂದರು. ಮಗಳು ಬಾಯಿ ತೆರೆಯುವ ಮೊದಲೇ ನಾನು, “ಹೌದು ಬಿಡಿ, ನೀವೇನು ಹೊರಗಿನವರಾ? ನಾಲ್ಕು ಕೊಡಿ ಸಾಕು” ಅಂದುಬಿಟ್ಟೆ. ಮಗಳು ತಲೆ ಎತ್ತಲಿಲ್ಲ. ಸಕ್ಕರೆಯ ಗುಲಾಬಿಗೆ ಎಸಳು ಅಂಟಿಸುತ್ತಲೇ ಇದ್ದಳು. ಆ ರಾತ್ರಿ ಊಟಕ್ಕೆ ಕರೆದರೆ ‘ಹಸಿವಿಲ್ಲ’ ಎಂದಳು. ಆಮೇಲೂ ಕೇಳಿದ್ದಕ್ಕೆ ಒಂದೇ ಮಾತಿನ ಉತ್ತರ.

ನಾನು ಇಪ್ಪತ್ತೆಂಟು ವರ್ಷ ಸಮಾಜ ವಿಜ್ಞಾನ ಪಾಠ ಹೇಳಿದವಳು. ನನ್ನದೇ ಸರಿ ಎಂದು ತೋರಿಸಲು ಪುಸ್ತಕ ತೆರೆಯುವುದು ನನ್ನ ಹಳೆಯ ಚಾಳಿ. ಮದುವೆಯ ಕೇಕೆಂದರೆ ಮೊದಲು ಹೇಗಿತ್ತು, ಈ ಪೊಳ್ಳು ಎಲ್ಲಿಂದ ಬಂತು ಎಂದು ಹುಡುಕುತ್ತಾ ಹೋದೆ.

ಪ್ರಾಚೀನ ರೋಮಿನಲ್ಲಿ ಕುಲೀನರ ಮದುವೆಯ ಒಂದು ಪದ್ಧತಿಯಲ್ಲಿ ವಧೂವರರು ಗೋಧಿಯ ಜಾತಿಯ ಧಾನ್ಯದ ರೊಟ್ಟಿಯನ್ನು ದೇವರಿಗೆ ಅರ್ಪಿಸಿ ಹಂಚಿಕೊಂಡು ತಿನ್ನುತ್ತಿದ್ದರು. ನಮ್ಮಲ್ಲಿ ಅಕ್ಕಿ ಜೀರಿಗೆ ಬೆಲ್ಲ ಇದ್ದಂತೆ ಅವರಿಗದು. ಅಲಂಕಾರ ಬಂದದ್ದು ಬಹಳ ತಡವಾಗಿ, ಇಂಗ್ಲೆಂಡಿನಲ್ಲಿ. ಅಲ್ಲಿ ನನಗೊಬ್ಬ ಹೆಂಗಸು ಸಿಕ್ಕಿದಳು: ಎಲಿಜಬೆತ್ ರಫಾಲ್ಡ್. ದೊಡ್ಡಮನೆಯೊಂದರ ಮೇಲ್ವಿಚಾರಕಿಯಾಗಿ ದುಡಿದು, ಅಲ್ಲಿನ ತೋಟಗಾರನನ್ನು ಮದುವೆಯಾಗಿ, ಮ್ಯಾಂಚೆಸ್ಟರಿಗೆ ಬಂದು ಸಿಹಿತಿಂಡಿಯ ಅಂಗಡಿ ಇಟ್ಟವಳು. 1769ರಲ್ಲಿ ಅವಳು ಬರೆದ ಅಡುಗೆ ಪುಸ್ತಕದಲ್ಲಿ ‘ಬ್ರೈಡ್ ಕೇಕ್’ ಮಾಡುವ ವಿಧಾನವಿದೆ. ನಾಲ್ಕು ಪೌಂಡ್ ಹಿಟ್ಟು, ನಾಲ್ಕು ಪೌಂಡ್ ಬೆಣ್ಣೆ, ಎರಡು ಪೌಂಡ್ ಸಕ್ಕರೆ, ಪೌಂಡಿಗೆ ಎಂಟರಂತೆ 32 ಮೊಟ್ಟೆ! ಬೆಂದ ಮೇಲೆ ಅದಕ್ಕೆ ಬಾದಾಮಿಯ ಒಂದು ಪದರ, ಅದರ ಮೇಲೆ ಬಿಳಿ ಸಕ್ಕರೆಯ ಇನ್ನೊಂದು ಪದರ. ಇಂದಿಗೂ ಇಂಗ್ಲಿಷರ ಸಾಂಪ್ರದಾಯಿಕ ಮದುವೆ ಕೇಕಿಗೆ ಇವೇ ಎರಡು ಉಡುಪು. ಆ ಪುಸ್ತಕದ ಹಕ್ಕನ್ನು ಅವಳು 1773ರಲ್ಲಿ 1,400 ಪೌಂಡಿಗೆ ಮಾರಿದಳು. ಆ ಕಾಲಕ್ಕೆ ಅದು ಚಿಕ್ಕ ಗಂಟಲ್ಲ. ‘ಕೈಕೆಲಸಕ್ಕೆ ಎಂಥ ಬೆಲೆ?’ ಎಂದು ಅವಳ ತಾಯಿ ಮಧ್ಯೆ ಬಾಯಿ ಹಾಕಿರಲಿಕ್ಕಿಲ್ಲ!

ಕೇಕು ಯಾಕೆ ಬಿಳಿಯಾಯಿತು? ಶುದ್ಧಿಯ ಸಂಕೇತ ಎನ್ನುವವರಿದ್ದಾರೆ. ಜೇಬಿನ ಕಾರಣವೂ ಇತ್ತು. ಆಗ ಚೆನ್ನಾಗಿ ಶುದ್ಧಿ ಮಾಡಿದ ಬಿಳಿ ಸಕ್ಕರೆಗೆ ಬೆಲೆ ಹೆಚ್ಚು. ಕೇಕು ಎಷ್ಟು ಬೆಳ್ಳಗಿದ್ದರೆ ಮದುವೆಮನೆಯವರು ಅಷ್ಟು ಸ್ಥಿತಿವಂತರು. ವಿಚಿತ್ರ ನೋಡಿ, ಕಬ್ಬಿನ ರಸವನ್ನು ಹರಳುಗಟ್ಟಿಸುವ ವಿದ್ಯೆ ಹೊರಟದ್ದು ನಮ್ಮ ನೆಲದಿಂದ. ಅವರ ‘ಶುಗರ್’ ನಮ್ಮ ‘ಶರ್ಕರ’ದಿಂದ, ‘ಕ್ಯಾಂಡಿ’ ನಮ್ಮ ‘ಖಂಡ’ದಿಂದ ಹುಟ್ಟಿದ ಮಾತುಗಳು.

1840ರ ಫೆಬ್ರವರಿ 10ರಂದು ವಿಕ್ಟೋರಿಯಾ ರಾಣಿಯ ಮದುವೆಯಾಯಿತು. ಅವಳ ಕೇಕಿನ ತೂಕ 300 ಪೌಂಡ್, ಸುತ್ತಳತೆ ಒಂಬತ್ತು ಅಡಿ. ಅದರ ಮೇಲೆ ರೋಮನ್ ಉಡುಪಿನಲ್ಲಿ ವಧೂವರರ ಗೊಂಬೆ, ಅವರನ್ನು ಹರಸುವ ಬ್ರಿಟಾನಿಯಾ ದೇವಿ, ವರನ ಕಾಲ ಬಳಿ ನಿಷ್ಠೆಯ ಗುರುತಾಗಿ ನಾಯಿ, ವಧುವಿನ ಕಾಲ ಬಳಿ ಜೋಡಿ ಪಾರಿವಾಳ. ಅದು ಅಗಲದ ಕೇಕು, ಎತ್ತರದ್ದಲ್ಲ. ಎತ್ತರ ಬಂದದ್ದು 1858ರಲ್ಲಿ, ಅವಳ ಹಿರಿಯ ಮಗಳ ಮದುವೆಯಲ್ಲಿ. ಆಳೆತ್ತರವನ್ನೂ ಮೀರಿದ ಆ ಗೋಪುರದಲ್ಲಿ ಕೇಕು ಇದ್ದದ್ದು ಬುಡದಲ್ಲಿ ಮಾತ್ರ. ಮೇಲಿನ ಅಂತಸ್ತುಗಳೆಲ್ಲ ಬರೀ ಸಕ್ಕರೆಯ ಕಟ್ಟಡ, ನೋಟಕ್ಕೆ. ಎಲ್ಲ ಅಂತಸ್ತಿನಲ್ಲೂ ತಿನ್ನುವ ಕೇಕೇ ಇರಬೇಕಾದರೆ 1882ರವರೆಗೆ, ರಾಣಿಯ ಕಿರಿಯ ಮಗ ಲಿಯೋಪೋಲ್ಡನ ಮದುವೆಯವರೆಗೆ ಕಾಯಬೇಕಾಯಿತು.

ಅರಮನೆಯ ಕೇಕೇ ಹೀಗೆಂದ ಮೇಲೆ ನನ್ನ ವಾದ ಅರ್ಧ ಬಿದ್ದುಹೋಯಿತು. ಉಳಿದರ್ಧವನ್ನು ಎರಡನೆಯ ಮಹಾಯುದ್ಧ ಬೀಳಿಸಿತು. 1940ರ ಜನವರಿಯಲ್ಲಿ ಬ್ರಿಟನ್ನಿನಲ್ಲಿ ಸಕ್ಕರೆ, ಬೆಣ್ಣೆಗಳು ರೇಷನ್ ಚೀಟಿಗೆ ಬಂದವು. ಆ ಬೇಸಿಗೆಯಲ್ಲಿ ಬೇಕರಿಯವರು ಕೇಕಿನ ಮೇಲೆ ಸಕ್ಕರೆಯ ಅಲಂಕಾರ ಮಾಡುವುದನ್ನೇ ಸರ್ಕಾರ ನಿಷೇಧಿಸಿತು. ಮದುವೆಗಳು ನಿಲ್ಲುತ್ತವೆಯೇ? ಗಂಡು ನಾಲ್ಕು ದಿನದ ರಜೆಯ ಮೇಲೆ ಬಂದಿರುತ್ತಿದ್ದ, ಮರಳಿ ಬರುತ್ತಾನೋ ಇಲ್ಲವೋ. ಆಗ ಬೇಕರಿಯವರು ರಟ್ಟಿನಿಂದಲೂ ಪ್ಲಾಸ್ಟರಿನಿಂದಲೂ ಅಂತಸ್ತಿನ ಬಿಳಿ ಕೇಕಿನ ಟೋಪಿ ಮಾಡಿ ಬಾಡಿಗೆಗೆ ಕೊಡತೊಡಗಿದರು. ಫೋಟೋ ತೆಗೆದಾದ ಮೇಲೆ ಟೋಪಿ ಎತ್ತಿದರೆ ಒಳಗೊಂದು ಪುಟ್ಟ ಕಂದು ಕೇಕು, ನೆಂಟರಿಷ್ಟರು ತಮ್ಮ ರೇಷನ್ನಿನಲ್ಲಿ ಉಳಿಸಿ ಕೊಟ್ಟ ಬೆಣ್ಣೆ ಸಕ್ಕರೆಯದು. ಅದೇ ಟೋಪಿ ಮುಂದಿನ ಮದುವೆಮನೆಗೆ ಹೋಗುತ್ತಿತ್ತು. ಅದನ್ನು ಯಾರೂ ಮೋಸ ಎನ್ನಲಿಲ್ಲ. ಬಂದವರಿಗೆಲ್ಲ ಒಳಗೇನಿದೆ ಎಂದು ಗೊತ್ತಿತ್ತು. ಆದರೂ ಆ ದಿನಕ್ಕೊಂದು ಕಳೆ ಬೇಕಾಗಿತ್ತು.

ಯುದ್ಧ ಮುಗಿದರೂ ಅಭಾವ ಮುಗಿಯಲಿಲ್ಲ. 1947ರ ನವೆಂಬರ್ 20ರಂದು ರಾಜಕುಮಾರಿ ಎಲಿಜಬೆತ್ ಮದುವೆಯಾದಾಗ ನಾಲ್ಕು ಅಂತಸ್ತಿನ, ಒಂಬತ್ತು ಅಡಿ ಎತ್ತರದ, 500 ಪೌಂಡಿನ ಕೇಕಿಗೆ ಸಾಮಾನು ಬಂದದ್ದು ಆಸ್ಟ್ರೇಲಿಯಾದ ಗರ್ಲ್ ಗೈಡ್ಸ್ ಹುಡುಗಿಯರಿಂದ. ಅಷ್ಟು ದೂರದ ಪ್ರಯಾಣಕ್ಕಾಗಿ ಅದಕ್ಕೆ ‘ಹತ್ತು ಸಾವಿರ ಮೈಲಿಯ ಕೇಕು’ ಎಂದೇ ಹೆಸರಾಯಿತು. ಅಲ್ಲಿ ಸಕ್ಕರೆಯ ರೇಷನ್ ಪೂರ್ತಿ ಹೋದದ್ದು 1953ರಲ್ಲಿ. ಅದೇ ವರ್ಷ ಬೆಂಗಳೂರಿನ ವಿಶ್ವೇಶ್ವರಪುರದಲ್ಲಿ ವಿ.ಬಿ. ಬೇಕರಿ ಆರಂಭವಾಯಿತು. ನಮ್ಮ ಹಾಸನ ಸೀಮೆಯ ಅಯ್ಯಂಗಾರರು ಇಂಥ ಬೇಕರಿಗಳನ್ನು ಊರೂರಿಗೆ ಒಯ್ದರು. ಮೊಟ್ಟೆಯಿಲ್ಲದ ಕೇಕು ಮಾಡಿ ಮಡಿಯವರ ಮನೆಯೊಳಗೂ ಅದನ್ನು ನುಗ್ಗಿಸಿದ ಪುಣ್ಯಾತ್ಮರು ಅವರು.

ಇಷ್ಟೆಲ್ಲ ಓದಿ ಪುಸ್ತಕ ಮುಚ್ಚಿದಾಗ ನನ್ನ ಕಣ್ಣಿಗೆ ಬಂದದ್ದು ಇಂಗ್ಲೆಂಡಲ್ಲ, ನಮ್ಮಮ್ಮ.

ಅರಸೀಕೆರೆ ಕಡೆಯ ಹಳ್ಳಿ ನಮ್ಮದು, ಕೊಬ್ಬರಿಗೆ ಬರವಿಲ್ಲ. ಯಾರ ಮನೆಯ ಮದುವೆಯಿದ್ದರೂ ಅಮ್ಮನಿಗೆ ಕರೆ. ಕೊಬ್ಬರಿ ಗಿಟುಕಿನ ಮೇಲೆ ಚೂಪಾದ ಚಾಕುವಿನಲ್ಲಿ ಬಳ್ಳಿ, ಹಂಸ, ಕಮಲ ಕೆತ್ತಿ ಬಣ್ಣ ತುಂಬುತ್ತಿದ್ದಳು. ಸಂಕ್ರಾಂತಿಗೆ ಸಕ್ಕರೆ ಅಚ್ಚು. ಮರದ ಅಚ್ಚುಗಳನ್ನು ನೀರಲ್ಲಿ ನೆನೆಹಾಕಿ, ಪಾಕಕ್ಕೆ ಹಾಲು ಬಿಟ್ಟು ಕೊಳೆ ತೆಗೆದು, ಸೋಸಿ, ಮತ್ತೆ ಕಾಯಿಸಿ, ಬಿಳುಪು ತಿರುಗುವ ಆ ಒಂದು ಗಳಿಗೆಗೆ ಸರಿಯಾಗಿ ಹುಯ್ಯಬೇಕು. ಹೆಚ್ಚುಕಡಿಮೆಯಾದರೆ ನವಿಲಿನ ಕೊರಳು ಮುರಿದೇ ಹೋಯಿತು. ಪಾಕ ಸಿಡಿದ ಕಲೆ ಅವಳ ಎಡಗೈಯ ಮೇಲೆ ಕೊನೆಯವರೆಗೂ ಇತ್ತು. ಆ ಕೆತ್ತಿದ ಕೊಬ್ಬರಿಯನ್ನು ಮದುವೆಯ ದಿನ ಯಾರಾದರೂ ತಿಂದರೇ? ತಟ್ಟೆಯಲ್ಲಿ ಜೋಡಿಸಿ, ಬೀಗರ ಮುಂದಿಟ್ಟು, ಎಲ್ಲರೂ ನೋಡಿ ‘ಆಹಾ’ ಎಂದರೆ ಅದರ ಕೆಲಸ ಮುಗಿಯಿತು. ನಮ್ಮಲ್ಲೂ ಅದು ಹೊಟ್ಟೆಗಲ್ಲ, ಕಣ್ಣಿಗೇ.

ಅದಕ್ಕೆಲ್ಲ ಅಮ್ಮನಿಗೆ ಸಿಕ್ಕುತ್ತಿದ್ದುದು ಒಂದು ರವಿಕೆ ಕಣ, ‘ನಿಮ್ಮ ಕೈಗುಣ ದೊಡ್ಡದು’ ಎಂಬ ಮಾತು. ಒಮ್ಮೆ ಮಾತ್ರ, ರಾತ್ರಿಯಿಡೀ ಕೆತ್ತಿ ಬೆನ್ನು ನೆಟ್ಟಗೆ ಮಾಡಲಾಗದೆ ಮಲಗಿದ್ದಾಗ, “ಬಡಗಿ ಮಾಡಿದ್ದರೆ ಕೂಲಿ ಕೊಡ್ತಿದ್ದರು” ಎಂದಿದ್ದಳು. ಆಗ ನನಗೆ ಹನ್ನೆರಡು ವರ್ಷ. ನಕ್ಕುಬಿಟ್ಟಿದ್ದೆ.

ಮಗಳ ಕೆಲಸವನ್ನು ಆಮೇಲೆ ಮೊದಲ ಸಲ ಕೂತು ನೋಡಿದೆ. ಒಂದು ಗುಲಾಬಿಗೆ ಹದಿನೈದು ಎಸಳು. ಒಂದೊಂದನ್ನೂ ಸಕ್ಕರೆಯ ಕಣಕದಿಂದ ತೆಳ್ಳಗೆ ಲಟ್ಟಿಸಿ, ಅಂಚು ಬಾಗಿಸಿ, ಒಣಗಿಸಿ, ಅಂಟಿಸಬೇಕು. ಮೋಡ ಕವಿದ ದಿನ ಎಲ್ಲ ಜೋತುಬೀಳುತ್ತದೆ. ಥರ್ಮಾಕೋಲಿಗೆ ಕೊಟ್ಟ ದುಡ್ಡು ಇನ್ನೂರಿರಬಹುದು. ಉಳಿದದ್ದೆಲ್ಲ ಎರಡು ರಾತ್ರಿಯ ನಿದ್ದೆ.

ಮದುವೆ ಮುಗಿದು ವಾರಕ್ಕೆ ಸಹೋದ್ಯೋಗಿ ನಾಲ್ಕು ಸಾವಿರ ತಂದುಕೊಟ್ಟರು. ಅವರ ತಪ್ಪೇನೂ ಇಲ್ಲ, ಮಾತು ಕೊಟ್ಟವಳು ನಾನು. ಅವರು ಹೋದ ಮೇಲೆ ನನ್ನ ಸಂಬಳದಿಂದ ಇನ್ನು ನಾಲ್ಕು ಸಾವಿರ ತೆಗೆದು ಮಗಳ ಮುಂದಿಟ್ಟೆ.

“ಇದೇನಮ್ಮ?”

“ಬಾಕಿ. ರಸೀದಿ ಕೊಡು.”

ಅವಳು ನನ್ನನ್ನು ಒಂದು ಕ್ಷಣ ನೋಡಿದಳು. ಬೇಡ ಎನ್ನುತ್ತಾಳೇನೋ ಅಂದುಕೊಂಡೆ. ಅನ್ನಲಿಲ್ಲ. ಲೆಕ್ಕ ಬರೆದ ಕೈಯಲ್ಲವೇ? ರಸೀದಿ ಪುಸ್ತಕ ತೆಗೆದು ತಾರೀಖು ಹಾಕಿ, ಮೊತ್ತ ಬರೆದು, ‘ಪಾವತಿಸಿದವರು’ ಎಂಬ ಜಾಗದಲ್ಲಿ ‘ಅಮ್ಮ’ ಎಂದು ಬರೆದು ಹರಿದುಕೊಟ್ಟಳು.

ಮರುದಿನ ಅಟ್ಟದಿಂದ ನಮ್ಮಮ್ಮನ ಮರದ ಅಚ್ಚುಗಳನ್ನು ಇಳಿಸಿ ತೊಳೆದೆ. ಮುಂದಿನ ವಾರದ ಸೀಮಂತದ ಕೇಕಿನ ಸುತ್ತ ಮಗಳು ಸಕ್ಕರೆ ಕಣಕದ ನವಿಲುಗಳನ್ನು ಸಾಲಾಗಿ ನಿಲ್ಲಿಸಿದಳು. ಒಂದರ ಕೊರಳೂ ಮುರಿಯಲಿಲ್ಲ. ಅವರು ಬೆಲೆ ಕೇಳಿದಾಗ ನಾನು ಅಡುಗೆಮನೆಯಿಂದ ಹೊರಗೆ ಬರಲಿಲ್ಲ.