ಹಾರುದೋಣಿಯ ದುರಂತವೂ ಹೆಸರಿಲ್ಲದ ಪದಕಗಳೂ

ಯುದ್ಧದಲ್ಲಿ ಮಡಿದವರೆಲ್ಲರೂ ಶತ್ರುವಿನ ಕೈಯಿಂದಲೇ ಮಡಿದವರಲ್ಲ. ಎರಡನೆಯ ಮಹಾಯುದ್ಧದಲ್ಲಿ ಮಂಜು, ಬಿರುಗಾಳಿ, ದಿಗ್ಭ್ರಮೆ, ಯಂತ್ರದೋಷ ಇವುಗಳಿಗೆ ಬಲಿಯಾದ ವೈಮಾನಿಕರ ಸಂಖ್ಯೆಯೂ ಸಣ್ಣದಲ್ಲ. ಅಂತಹವರ ಮನೆಗಳಿಗೂ ಬ್ರಿಟಿಷ್ ಸರಕಾರವು ಪದಕಗಳನ್ನು ಕಳುಹಿಸಿತು. ಆ ಪದಕಗಳು ಏನನ್ನು ಹೇಳುವುವು, ಏನನ್ನು ಹೇಳಲಾರವು ಎಂಬುದಕ್ಕೆ 1942ನೆಯ ಇಸವಿಯಲ್ಲಿ ಸ್ಕಾಟ್ಲೆಂಡಿನಲ್ಲಿ ನಡೆದ ಒಂದು ದುರಂತವು ನಿದರ್ಶನವಾಗಬಲ್ಲುದು.

1937ರಲ್ಲಿ ಮೊದಲು ಹಾರಿದ ‘ಸಂಡರ್‌ಲೆಂಡ್’ ಎಂಬುದು ನಾಲ್ಕು ಎಂಜಿನುಗಳ ಹಾರುದೋಣಿ. ಅದರ ಒಡಲು ಹಡಗಿನ ತಳದಂತಿದ್ದುದರಿಂದ ನೀರಿನ ಮೇಲಿಂದಲೇ ಏಳುವುದೂ ನೀರಿನ ಮೇಲೆಯೇ ಇಳಿಯುವುದೂ ಅದಕ್ಕೆ ಸಾಧ್ಯವಾಗಿತ್ತು. ಜರ್ಮನಿಯ ಸಬ್‌ಮೆರೀನುಗಳು ಅಟ್ಲಾಂಟಿಕ್ ಸಾಗರದಲ್ಲಿ ಸರಕಿನ ಹಡಗುಗಳನ್ನು ಮುಳುಗಿಸುತ್ತಿದ್ದ ಕಾಲದಲ್ಲಿ ಇಂತಹ ದೋಣಿಗಳು ಹನ್ನೆರಡು ಗಂಟೆಗಳಿಗೂ ಮೀರಿ ಕಡಲಮೇಲೆ ಸುತ್ತುತ್ತ ಕಾವಲಿದ್ದುವು.

1942ನೆಯ ಆಗಸ್ಟ್ 25ರ ಮಧ್ಯಾಹ್ನ 228ನೆಯ ಪಥಕಕ್ಕೆ ಸೇರಿದ ಒಂದು ಸಂಡರ್‌ಲೆಂಡ್ ಇನ್ವರ್‌ಗಾರ್ಡನ್ನಿನಿಂದ ಐಸ್‌ಲೆಂಡಿಗೆ ಹೊರಟಿತು. ಅದರಲ್ಲಿ ಹದಿನೈದು ಮಂದಿಯಿದ್ದರು; ಆರನೆಯ ಜಾರ್ಜ್ ದೊರೆಯ ತಮ್ಮನಾದ ಕೆಂಟಿನ ಡ್ಯೂಕನೂ ಅವರಲ್ಲೊಬ್ಬನು. ಹೊರಟು ಸುಮಾರು ಅರ್ಧ ಗಂಟೆಯಾಗುವಷ್ಟರಲ್ಲಿ, ಮೋಡ ಕವಿದಿದ್ದ ಕೇತ್‌ನೆಸ್ ಸೀಮೆಯಲ್ಲಿ, ಡನ್‌ಬೀತ್ ಊರಿನ ಬಳಿಯ ‘ಹದ್ದಿನ ಬಂಡೆ’ ಎಂಬ ಗುಡ್ಡಕ್ಕೆ ದೋಣಿಯು ಅಪ್ಪಳಿಸಿ ಹೊತ್ತಿ ಉರಿಯಿತು. ಹದಿನಾಲ್ವರು ಮಡಿದರು. ಹಿಂಭಾಗದಲ್ಲಿದ್ದ ಬಂದೂಕುಗಾರನೊಬ್ಬನು ಮಾತ್ರ ಸುಟ್ಟಗಾಯಗಳೊಡನೆ ಬದುಕಿದನು.

ಅದೇ ವರ್ಷದ ಅಕ್ಟೋಬರ್ ತಿಂಗಳಲ್ಲಿ ವಾಯುಮಂತ್ರಿಯು ವಿಚಾರಣೆಯ ಫಲವನ್ನು ಪಾರ್ಲಿಮೆಂಟಿಗೆ ತಿಳಿಸಿದನು. ದೋಣಿಯು ನಿಯತಮಾರ್ಗವನ್ನು ಬಿಟ್ಟು, ಗುಡ್ಡಗಳನ್ನು ದಾಟಲು ಸಾಲದಷ್ಟು ಕೆಳಗೆ ಹಾರಿತೆಂದೂ, ಆ ತಪ್ಪಿನ ಹೊಣೆಯು ನಾಯಕನದೆಂದೂ ನಿರ್ಣಯವಾಗಿತ್ತು. ಅದಕ್ಕೆ ಪ್ರತ್ಯುತ್ತರ ಕೊಡಲು ನಾಯಕನು ಬದುಕಿರಲಿಲ್ಲ. ಅವನು ಹೇಳಬಹುದಾಗಿದ್ದ ಮಾತು ಅವನೊಡನೆಯೇ ಹೋಯಿತು.

ಆದರೆ ಪದಕಗಳ ನಿಯಮದಲ್ಲಿ ಇಂತಹ ದೋಷವಿಚಾರಕ್ಕೆ ಎಡೆಯಿರಲಿಲ್ಲ. ಸಾಗರದ ಕಾವಲಿನಲ್ಲಿದ್ದ ಹಾರುದೋಣಿಯ ವೈಮಾನಿಕರಿಗೆ ಸಾಮಾನ್ಯವಾಗಿ ಸಲ್ಲುತ್ತಿದ್ದುವು ಮೂರು: 1939–45ರ ನಕ್ಷತ್ರ, ಅಟ್ಲಾಂಟಿಕ್ ನಕ್ಷತ್ರ, ಯುದ್ಧಪದಕ. ಮೊದಲೆರಡೂ ಆರು ಮೂಲೆಗಳ ಹಿತ್ತಾಳೆಬಣ್ಣದ ನಕ್ಷತ್ರಗಳು. ಒಂದರ ಪಟ್ಟಿಯಲ್ಲಿ ನೌಕಾದಳ, ಭೂದಳ, ವಾಯುದಳಗಳನ್ನು ಸೂಚಿಸುವ ಕಡುನೀಲಿ, ಕೆಂಪು, ತಿಳಿನೀಲಿಗಳುಂಟು. ಇನ್ನೊಂದರಲ್ಲಿ ಸಾಗರವನ್ನು ನೆನಪಿಸುವ ನೀಲಿ, ಬಿಳಿ, ಹಸಿರುಗಳುಂಟು. ಯುದ್ಧಪದಕವು ದುಂಡಗಿದ್ದು, ಅದರ ಹಿಂಬದಿಯಲ್ಲಿ ಸಿಂಹವು ಎರಡು ತಲೆಯ ಘಟಸರ್ಪವನ್ನು ಮೆಟ್ಟಿ ನಿಂತಿರುವುದು. ನಿಗದಿಯಾದ ಸೇವಾವಧಿಯು ಮರಣದಿಂದ ಮೊಟಕಾದರೂ ನಕ್ಷತ್ರಕ್ಕೆ ಅರ್ಹತೆ ಇದ್ದೇ ಇತ್ತು. ಮರಣವು ಗುಂಡಿನಿಂದ ಬಂದರೂ ಮಂಜಿನಿಂದ ಬಂದರೂ ನಕ್ಷತ್ರವು ಒಂದೇ.

ಇವುಗಳಲ್ಲಿ ಒಂದು ಕೊರತೆಯೂ ಉಂಟು. ಆಸ್ಟ್ರೇಲಿಯಾ, ದಕ್ಷಿಣ ಆಫ್ರಿಕಾ ದೇಶಗಳು ಈ ಪದಕಗಳಮೇಲೆ ಪಡೆದವರ ಹೆಸರನ್ನು ಕೊರೆಯಿಸಿದುವು. ಬ್ರಿಟನ್ ಸರಕಾರವು ಕೊರೆಯಿಸಲಿಲ್ಲ. ಮೊದಲನೆಯ ಮಹಾಯುದ್ಧದ ಪದಕಗಳಲ್ಲಿ ಕಾಣುವ ಹೆಸರು ಇವುಗಳಲ್ಲಿ ಕಾಣದು. ಯುದ್ಧಾನಂತರ ಇವು ಪುಟ್ಟ ರಟ್ಟಿನ ಪೆಟ್ಟಿಗೆಯಲ್ಲಿ ಅಂಚೆಯ ಮೂಲಕ ಮನೆಗೆ ಬಂದುವು. ಜೊತೆಗೆ ಒಂದು ಸಣ್ಣ ಚೀಟಿ: ಪದಕಗಳನ್ನು ಸ್ವೀಕರಿಸಲು ಇಂತಹವನು ಬದುಕಿರಲಿಲ್ಲವೆಂಬ ದುಃಖದಲ್ಲಿ ವಾಯುದಳದ ಮಂಡಲಿಯೂ ಭಾಗಿಯೆಂಬುದು ಅದರ ತಾತ್ಪರ್ಯ. ಸತ್ತವನ ಹೆಸರಿದ್ದುದು ಆ ಚೀಟಿಯಲ್ಲಿ ಮಾತ್ರ.

ಹೀಗಾಗಿ ಲೋಹವು ರೂಪವನ್ನು ಉಳಿಸಿತು. ನಾಮವನ್ನು ಉಳಿಸುವ ಭಾರವು ಒಂದು ತುಂಡು ಕಾಗದದ ಪಾಲಿಗೆ ಬಂದಿತು. ಚೀಟಿಯೂ ಪೆಟ್ಟಿಗೆಯೂ ಅಗಲಿದರೆ, ಒಂದೇ ಅಚ್ಚಿನ ಸಾವಿರಾರು ನಕ್ಷತ್ರಗಳ ನಡುವೆ ಇದು ಯಾರದೆಂದು ಹೇಳಬಲ್ಲವರಿಲ್ಲ. ಮಡಿದವನ ಪದಕವನ್ನು ಹೊಳೆಯುವಂತೆ ಉಜ್ಜಿಡುವುದಕ್ಕಿಂತ, ಅದರೊಡನೆ ಬಂದ ಮಾಸಿದ ಕಾಗದವನ್ನು ಕಾಪಾಡಿ, ಅವನ ಕಥೆಯನ್ನು ಮಕ್ಕಳಿಗೆ ಹೇಳುವುದೇ ಮನೆಯವರು ಸಲ್ಲಿಸಬಹುದಾದ ದೊಡ್ಡ ಗೌರವ.