ಹೆಸರಿಗೆ ಬೆಲೆ ಕಟ್ಟಿದ ಕಾಲ

1985ರ ಮಾರ್ಚ್ 15ರಂದು ಅಮೆರಿಕದ ಸಿಂಬಾಲಿಕ್ಸ್ ಎಂಬ ಕಂಪ್ಯೂಟರ್ ಕಂಪನಿ ತನ್ನ ಹೆಸರಿನ ಕೊನೆಗೆ ‘ಡಾಟ್ ಕಾಮ್’ ಸೇರಿಸಿ ಇಂಟರ್‌ನೆಟ್ ವಿಳಾಸವಾಗಿ, ಅಂದರೆ ಡೊಮೇನ್ ಆಗಿ, ನೋಂದಾಯಿಸಿಕೊಂಡಿತು. ಜಗತ್ತಿನಲ್ಲಿ ನೋಂದಣಿಯಾದ ಮೊದಲ ಡಾಟ್ ಕಾಮ್ ಹೆಸರು ಅದೇ. ಅದಕ್ಕೆ ಕಂಪನಿ ಹಣ ಕೊಡಬೇಕಾಗಿರಲಿಲ್ಲ. ಮುಂದಿನ ಹತ್ತು ವರ್ಷವೂ ಅರ್ಜಿ ಹಾಕಿದವರಿಗೆ ಹೆಸರು ಪುಕ್ಕಟೆಯಾಗಿಯೇ ಸಿಗುತ್ತಿತ್ತು. ನೋಂದಣಿಯ ಹೊಣೆ ಹೊತ್ತಿದ್ದ ನೆಟ್‌ವರ್ಕ್ ಸೊಲ್ಯೂಷನ್ಸ್ ಸಂಸ್ಥೆ ಎರಡು ವರ್ಷಕ್ಕೆ 100 ಡಾಲರ್ ಶುಲ್ಕ ಕೇಳತೊಡಗಿದ್ದು 1995ರ ಸೆಪ್ಟೆಂಬರ್‌ನಲ್ಲಿ.

ಅಷ್ಟರಲ್ಲಾಗಲೇ ಕೆಲವರಿಗೆ ಒಂದು ವಿಷಯ ಹೊಳೆದಿತ್ತು. ಒಂದು ಹೆಸರು ಒಬ್ಬರಿಗೆ ಮಾತ್ರ ಸಿಗುತ್ತದೆ. ತಡವಾಗಿ ಬಂದವರು ಮೊದಲು ಬಂದವರ ಬಾಗಿಲನ್ನೇ ತಟ್ಟಬೇಕು. 1994ರಲ್ಲಿ ಪತ್ರಕರ್ತ ಜೋಶುವಾ ಕ್ವಿಟ್ನರ್ ಇದನ್ನು ಜಗತ್ತಿಗೆ ತೋರಿಸಿಕೊಟ್ಟರು. ಮೆಕ್‌ಡೊನಾಲ್ಡ್ಸ್.ಕಾಮ್ ಖಾಲಿ ಇರುವುದನ್ನು ಕಂಡು ತಮ್ಮ ಹೆಸರಿಗೆ ನೋಂದಾಯಿಸಿಕೊಂಡು, ಆ ಕಥೆಯನ್ನು ‘ವೈರ್ಡ್’ ಪತ್ರಿಕೆಯಲ್ಲಿ ಬರೆದರು. ಕೊನೆಗೆ ಅವರು ಕೇಳಿದಂತೆ ನ್ಯೂಯಾರ್ಕ್‌ನ ಸರ್ಕಾರಿ ಶಾಲೆಯೊಂದರ ಕಂಪ್ಯೂಟರ್ ಸೌಲಭ್ಯಕ್ಕೆ ಮೆಕ್‌ಡೊನಾಲ್ಡ್ಸ್ ಕಂಪನಿ 3,500 ಡಾಲರ್ ಕೊಟ್ಟಿತು. ಹೆಸರು ಕಂಪನಿಗೆ ಸೇರಿತು.

ಬೆಲೆ ಗಗನಕ್ಕೇರಿದ್ದು ಬಿಸಿನೆಸ್.ಕಾಮ್‌ನಿಂದ. 1997ರಲ್ಲಿ ಅದು 1.5 ಲಕ್ಷ ಡಾಲರ್‌ಗೆ ಕೈಬದಲಾಯಿಸಿತು. 1999ರಲ್ಲಿ ಅದೇ ಹೆಸರನ್ನು ಇ-ಕಂಪನೀಸ್ ಎಂಬ ಸಂಸ್ಥೆ 75 ಲಕ್ಷ ಡಾಲರ್‌ಗೆ ಕೊಂಡಿತು. ಎರಡೇ ವರ್ಷದಲ್ಲಿ ಐವತ್ತು ಪಟ್ಟು! ಇಂಟರ್‌ನೆಟ್ ಕಂಪನಿಗಳ ಷೇರು ಬೆಲೆ ಉಬ್ಬಿಸಿದ್ದ ಡಾಟ್ ಕಾಮ್ ಗುಳ್ಳೆ ಆಗಿನ್ನೂ ಒಡೆದಿರಲಿಲ್ಲ. ಸಾಮಾನ್ಯ ಪದಗಳನ್ನು ಗುಡ್ಡೆ ಹಾಕಿಕೊಂಡು ಕಾಯುವವರ ಸಂಖ್ಯೆ ಹೆಚ್ಚಿತು. ಕೊಡಿಸುವ ದಲ್ಲಾಳಿಗಳು ಬಂದರು, ಹರಾಜು ನಡೆಸುವವರು ಬಂದರು, ಬೆಲೆ ಅಂದಾಜು ಮಾಡಿಕೊಡುವವರೂ ಬಂದರು.

ಈ ಅಂದಾಜಿಗೆ ನಿಧಾನವಾಗಿ ಒಂದು ಕ್ರಮ ಹುಟ್ಟಿತು. ಹೆಸರು ಚಿಕ್ಕದಾಗಿರಬೇಕು. ಫೋನಿನಲ್ಲಿ ಹೇಳಿದರೆ ಕೇಳಿದವರು ತಪ್ಪಿಲ್ಲದೆ ಟೈಪ್ ಮಾಡುವಂತಿರಬೇಕು. ನಡುವೆ ಅಡ್ಡಗೆರೆ, ಅಂಕಿ ಸೇರಿದರೆ ಬೆಲೆ ಇಳಿಯುತ್ತದೆ. ವಿಮೆ, ಸಾಲ, ಪ್ರವಾಸದಂಥ, ಜಾಹೀರಾತುದಾರರು ಕೈತುಂಬ ಹಣ ಸುರಿಯುವ ಪದವಾದರೆ ಏರುತ್ತದೆ. ಹುಡುಕಾಟದ ಗೊಡವೆಯಿಲ್ಲದೆ ನೇರವಾಗಿ ವಿಳಾಸ ಬರೆದು ಎಷ್ಟು ಜನ ಬರುತ್ತಾರೆ ಎಂಬ ಲೆಕ್ಕವೂ ಉಂಟು. ಎಲ್ಲಕ್ಕಿಂತ ಮುಖ್ಯವಾಗಿ, ಮೂಲೆ ನಿವೇಶನಕ್ಕೆ ಬೆಲೆ ಹೇಳುವವರು ಅಕ್ಕಪಕ್ಕದ ನಿವೇಶನ ಎಷ್ಟಕ್ಕೆ ಹೋಯಿತೆಂದು ವಿಚಾರಿಸುವಂತೆ, ಅಂಥದೇ ಹೆಸರುಗಳ ಹಿಂದಿನ ಮಾರಾಟದ ದಾಖಲೆ ನೋಡಬೇಕು.

ಆದರೆ ಈ ಸೂತ್ರಗಳು ಎಲ್ಲೆಡೆ ಒಂದೇ ಅಲ್ಲ. ಅಂಕಿಯೆಂದರೆ ಮೂಗು ಮುರಿಯುವ ಅಮೆರಿಕದ ಲೆಕ್ಕ ಚೀನಾದಲ್ಲಿ ನಡೆಯುವುದಿಲ್ಲ. ಅಲ್ಲಿ 8 ಶುಭ, 4 ಅಶುಭ. ಬರೀ ಅಂಕಿಗಳ ಹೆಸರೇ ಜನಕ್ಕೆ ಸಲೀಸು. 2015ರಲ್ಲಿ ಚೀನಾದ ಕಿಹೂ ಕಂಪನಿ 360.ಕಾಮ್ ಅನ್ನು ವೊಡಾಫೋನ್‌ನಿಂದ 1.7 ಕೋಟಿ ಡಾಲರ್‌ಗೆ ಕೊಂಡಿತು. ಇನ್ನು ಗಿರಾಕಿಯ ಗರಜಂತೂ ಯಾವ ಸೂತ್ರಕ್ಕೂ ಸಿಗುವಂಥದ್ದಲ್ಲ. ಎಫ್‌ಬಿ.ಕಾಮ್ ಎಂಬ ಎರಡಕ್ಷರದ ವಿಳಾಸ ಅಮೆರಿಕದ ರೈತರ ಒಕ್ಕೂಟವಾದ ಫಾರ್ಮ್ ಬ್ಯೂರೋ ಬಳಿ ಇತ್ತು. 2010ರಲ್ಲಿ ಫೇಸ್‌ಬುಕ್ ಅದಕ್ಕೆ 85 ಲಕ್ಷ ಡಾಲರ್ ತೆತ್ತಿತು. ಫೇಸ್‌ಬುಕ್ ಹುಟ್ಟದೇ ಹೋಗಿದ್ದರೆ ಆ ಎರಡು ಅಕ್ಷರಕ್ಕೆ ಅಷ್ಟು ಕೊಡುವವರು ಯಾರಿದ್ದರು?

ಬೆಲೆಯೇನೋ ಬಂತು, ಆದರೆ ಹೆಸರು ಆಸ್ತಿಯೇ? ಈ ಪ್ರಶ್ನೆಗೆ ಉತ್ತರ ಸಿಕ್ಕಿದ್ದು ಒಂದು ಕಳ್ಳತನದಿಂದ. ಗ್ಯಾರಿ ಕ್ರೆಮೆನ್ 1994ರಲ್ಲಿ ತಮ್ಮ ಕಂಪನಿಯ ಹೆಸರಿನಲ್ಲಿ ಸೆಕ್ಸ್.ಕಾಮ್ ನೋಂದಾಯಿಸಿದ್ದರು. ಮರುವರ್ಷ ಸ್ಟೀಫನ್ ಕೋಹೆನ್ ಎಂಬಾತ ನೋಂದಣಿ ಸಂಸ್ಥೆಗೆ ಆ ಕಂಪನಿಯೇ ಬರೆದಂತಿದ್ದ ಒಂದು ನಕಲಿ ಪತ್ರ ತಲುಪಿಸಿದ. ಕ್ರೆಮೆನ್‌ರನ್ನು ಕಂಪನಿ ತೆಗೆದುಹಾಕಿದೆ, ಹೆಸರನ್ನು ಕೋಹೆನ್‌ಗೆ ಬಿಟ್ಟುಕೊಡಲು ಒಪ್ಪಿದೆ ಎಂದು ಅದರಲ್ಲಿತ್ತು. ತಮಗೆ ಇಂಟರ್‌ನೆಟ್ ಸಂಪರ್ಕವಿಲ್ಲ, ಹಾಗಾಗಿ ಈ ವಿಷಯವನ್ನು ಕೋಹೆನ್ ಅವರೇ ತಿಳಿಸಲಿ ಎಂದೂ ಬರೆದಿತ್ತು. ‘ಆನ್‌ಲೈನ್ ಕ್ಲಾಸಿಫೈಡ್ಸ್’ ಎಂದು ಹೆಸರಿಟ್ಟುಕೊಂಡ ಕಂಪನಿಗೆ ಇಂಟರ್‌ನೆಟ್ ಇಲ್ಲವಂತೆ! ಆದರೂ ಕ್ರೆಮೆನ್‌ರನ್ನು ಒಂದು ಮಾತು ಕೇಳದೆ ಹೆಸರು ವರ್ಗವಾಯಿತು. ಅದನ್ನು ಮರಳಿ ಪಡೆಯಲು ಅವರು 2000ದವರೆಗೆ ಕೋರ್ಟು ಅಲೆದರು, ಕೋಹೆನ್ 6.5 ಕೋಟಿ ಡಾಲರ್ ಪರಿಹಾರ ಕೊಡಬೇಕೆಂದು ಆದೇಶವಾಯಿತು. 2003ರಲ್ಲಿ ಅಮೆರಿಕದ ಮೇಲ್ಮನವಿ ನ್ಯಾಯಾಲಯ ಡೊಮೇನ್ ಹೆಸರೂ ಆಸ್ತಿಯೇ ಎಂದು ಹೇಳಿತು.

ಮರುವರ್ಷ ಭಾರತದಲ್ಲೂ ಡೊಮೇನ್ ಹೆಸರಿನ ಹಕ್ಕಿನ ಪ್ರಶ್ನೆ ಇತ್ಯರ್ಥವಾಯಿತು, ಅದೂ ಬೆಂಗಳೂರಿನಲ್ಲಿ ಹೂಡಿದ ದಾವೆಯಿಂದ. ‘ಸಿಫಿ’ ಹೆಸರಿನಿಂದ ಪ್ರಸಿದ್ಧವಾಗಿದ್ದ ಸತ್ಯಂ ಇನ್ಫೋವೇ ಕಂಪನಿ, ಸಿಫಿನೆಟ್ ಸೊಲ್ಯೂಷನ್ಸ್ ಬಳಸುತ್ತಿದ್ದ ಹೋಲಿಕೆಯ ಡೊಮೇನ್‌ಗಳ ವಿರುದ್ಧ ಸಿಟಿ ಸಿವಿಲ್ ಕೋರ್ಟಿಗೆ ಹೋಗಿ ತಡೆಯಾಜ್ಞೆ ಪಡೆಯಿತು. ಕರ್ನಾಟಕ ಹೈಕೋರ್ಟಿನಲ್ಲಿ ಸೋತು ಸುಪ್ರೀಂ ಕೋರ್ಟಿನ ಮೆಟ್ಟಿಲೇರಿ ಗೆದ್ದಿತು. ಡೊಮೇನ್ ಬರೀ ವಿಳಾಸವಲ್ಲ, ವ್ಯಾಪಾರದ ಗುರುತು ಎಂಬ ಈ 2004ರ ತೀರ್ಪು ಮರುಮಾರಾಟದ ಲೆಕ್ಕಕ್ಕೂ ಗೆರೆ ಎಳೆಯಿತು. ಇನ್ನೊಬ್ಬರು ಬೆವರು ಸುರಿಸಿ ಬೆಳೆಸಿದ ಹೆಸರನ್ನು ಮೊದಲೇ ಹಿಡಿದಿಟ್ಟುಕೊಂಡವರ ಕೈಯಲ್ಲಿ ಉಳಿಯುವುದು ದಾವೆಯ ಖರ್ಚು ಮಾತ್ರ.

ಇಂದು ಹೆಸರೊಂದನ್ನು ಕೊಟ್ಟರೆ ಕ್ಷಣದಲ್ಲಿ ಮೊತ್ತ ತೋರಿಸುವ ತಂತ್ರಾಂಶಗಳಿವೆ. ಅವು ಹೇಳುವುದು ಹಿಂದಿನ ಮಾರಾಟಗಳನ್ನು ನೋಡಿ ಮಾಡಿದ ಅಂದಾಜನ್ನು, ನಾಳೆ ಬರುವ ಗಿರಾಕಿಯ ಮನಸ್ಸನ್ನಲ್ಲ. ಹೆಸರು ಕೊಳ್ಳುವವರು ಆ ಮೊತ್ತಕ್ಕಿಂತ ಮೊದಲು ಟ್ರೇಡ್‌ಮಾರ್ಕ್ ದಾಖಲೆ ನೋಡಲಿ. ಈಗಾಗಲೇ ಅಂಗಡಿಗೋ ಸಂಸ್ಥೆಗೋ ವಿಳಾಸ ಮಾಡಿಸಿಕೊಂಡವರು ಅದು ಯಾರ ಹೆಸರಿನಲ್ಲಿ ನೋಂದಣಿಯಾಗಿದೆ, ನವೀಕರಣದ ದಿನ ಯಾವುದು ಎಂಬುದನ್ನು ಇವತ್ತೇ ಒಮ್ಮೆ ಖಾತ್ರಿ ಮಾಡಿಕೊಳ್ಳಲಿ.