ಕೆಲವು ತಿಂಗಳುಗಳ ಚರಿತ್ರೆ

1960ರ ದಶಕದಲ್ಲಿ ಅಮೆರಿಕದ ಮಿಚಿಗನ್‌ನಲ್ಲಿ ಬಾರ್ನೆಟ್ ರೋಸೆನ್‌ಬರ್ಗ್ ಎಂಬ ವಿಜ್ಞಾನಿ ಬ್ಯಾಕ್ಟೀರಿಯಾಗಳಿದ್ದ ದ್ರಾವಣದಲ್ಲಿ ವಿದ್ಯುತ್ ಹರಿಸಿ ಪರೀಕ್ಷಿಸುತ್ತಿದ್ದರು. ಬ್ಯಾಕ್ಟೀರಿಯಾಗಳು ಒಡೆದು ಎರಡಾಗುವುದನ್ನು ಬಿಟ್ಟು ನೂಲಿನಂತೆ ಉದ್ದುದ್ದ ಬೆಳೆದವು. ಕಾರಣ ಹುಡುಕಿದಾಗ, ಅದು ವಿದ್ಯುತ್ತಿನ ಕೆಲಸವಲ್ಲ, ಎಲೆಕ್ಟ್ರೋಡಿನಿಂದ ಕರಗಿದ ಪ್ಲಾಟಿನಂನದು ಎಂದು ತಿಳಿಯಿತು. ಕೋಶವಿಭಜನೆಯನ್ನು ತಡೆಯುವ ವಸ್ತು ಕ್ಯಾನ್ಸರನ್ನೂ ತಡೆಯಬಹುದಲ್ಲವೆ? ಹೀಗೆ ಬಂದ ಔಷಧಿ ಸಿಸ್‌ಪ್ಲಾಟಿನ್. 1978ರಲ್ಲಿ ಅದಕ್ಕೆ ಅಮೆರಿಕದಲ್ಲಿ ಅನುಮತಿ ಸಿಕ್ಕಿತು. ಬೇರೆ ಔಷಧಿಗಳೊಡನೆ ಕೂಡಿಸಿ ಕೊಟ್ಟಾಗ, ವೃಷಣದ ಕ್ಯಾನ್ಸರ್ ಹರಡಿದ ಮೇಲೂ ಬಹುಪಾಲು ರೋಗಿಗಳು ಗುಣವಾದರು.

ಮರುಕಳಿಸಿದ ಗರ್ಭಕಂಠದ ಕ್ಯಾನ್ಸರಿನಲ್ಲಿ ಹಾಗಾಗಲಿಲ್ಲ. ವಿಕಿರಣ ಚಿಕಿತ್ಸೆ ಪಡೆದ ಜಾಗದಲ್ಲಿ ರಕ್ತಸಂಚಾರ ಕಡಿಮೆಯಾಗಿ, ಔಷಧಿ ಗಡ್ಡೆಯನ್ನು ಸರಿಯಾಗಿ ತಲುಪುವುದಿಲ್ಲ. ಗಡ್ಡೆ ಮೂತ್ರನಾಳವನ್ನು ಒತ್ತಿದ್ದರೆ ಮೂತ್ರಪಿಂಡ ಮೊದಲೇ ಸೋತಿರುತ್ತದೆ. ಸಿಸ್‌ಪ್ಲಾಟಿನ್ ಪೆಟ್ಟು ಕೊಡುವುದೂ ಅದಕ್ಕೇ.

ಆದರೂ ವೈದ್ಯರು ಜೋಡಿ ಔಷಧಿ ಹುಡುಕುವುದನ್ನು ಬಿಡಲಿಲ್ಲ. 2004ರಲ್ಲಿ ಅಮೆರಿಕದ ಗೈನೆಕಾಲಜಿಕ್ ಆಂಕಾಲಜಿ ಗ್ರೂಪ್ ಒಂದು ಪ್ರಯೋಗದ ಫಲಿತಾಂಶ ಪ್ರಕಟಿಸಿತು. ಸಿಸ್‌ಪ್ಲಾಟಿನ್ ಒಂದನ್ನೇ ಪಡೆದವರಲ್ಲಿ ಶೇ. 19 ಮಂದಿಗೆ ಗಡ್ಡೆ ಕುಗ್ಗಿತ್ತು. ಪ್ಯಾಕ್ಲಿಟ್ಯಾಕ್ಸೆಲ್ ಸೇರಿಸಿದಾಗ ಶೇ. 36. ಆದರೆ ಬದುಕಿದ ಸರಾಸರಿ ಕಾಲ 8.8 ತಿಂಗಳು, 9.7 ತಿಂಗಳು: ಸಂಖ್ಯಾಶಾಸ್ತ್ರದ ಲೆಕ್ಕದಲ್ಲಿ ಹೆಚ್ಚು ಕಡಿಮೆ ಒಂದೇ. ಗಡ್ಡೆ ಕುಗ್ಗುವುದು ಬೇರೆ, ಆಯುಷ್ಯ ಹಿಗ್ಗುವುದು ಬೇರೆ.

ಮರುವರ್ಷ ಟೊಪೊಟೆಕಾನ್ ಜೊತೆಗೂಡಿಸಿದ ಪ್ರಯೋಗದಲ್ಲಿ 6.5 ತಿಂಗಳು 9.4 ಆಯಿತು. ಆಯುಷ್ಯವೇ ಹೆಚ್ಚಿದ್ದು ಆಗಲೇ ಮೊದಲು. ಅದಕ್ಕೆ ತೆತ್ತ ಬೆಲೆ, ರಕ್ತಕಣಗಳ ತೀವ್ರ ಕುಸಿತ. 2009ರಲ್ಲಿ ನಾಲ್ಕು ಜೋಡಿಗಳನ್ನು ಹೋಲಿಸಿದರು. ಪ್ಯಾಕ್ಲಿಟ್ಯಾಕ್ಸೆಲ್ ಜೋಡಿಯನ್ನು ಯಾವುದೂ ಮೀರಿಸಲಿಲ್ಲ. 2014ರಲ್ಲಿ ಕೀಮೋ ಜೋಡಿಗೆ ಬೆವಾಸಿಜುಮಾಬ್ ಸೇರಿಸಿದಾಗ 13.3 ತಿಂಗಳು 17 ಆಯಿತು.

ನನಗೆ ಮುಖ್ಯವೆನಿಸುವುದು 2015ರಲ್ಲಿ ಪ್ರಕಟವಾದ ಜಪಾನಿನ ಪ್ರಯೋಗ. ಅಲ್ಲಿ ಸಿಸ್‌ಪ್ಲಾಟಿನ್ ಬದಲು ಅದರ ಸಹೋದರ ಔಷಧಿ ಕಾರ್ಬೋಪ್ಲಾಟಿನ್ ಕೊಟ್ಟರು. ಆಯುಷ್ಯ ಹೆಚ್ಚಲಿಲ್ಲ, 18.3 ತಿಂಗಳ ಎದುರು 17.5. ಮೊದಲು ಪ್ಲಾಟಿನಂ ಔಷಧಿ ಪಡೆಯದವರಿಗಂತೂ ಸಿಸ್‌ಪ್ಲಾಟಿನ್ನೇ ಮೇಲೆಂದು ಕಂಡಿತು. ಆದರೆ ಹೊಸ ಜೋಡಿಗೆ ಲೀಟರುಗಟ್ಟಲೆ ಸಲೈನ್ ಬೇಡ, ಇಡೀ ದಿನದ ಡ್ರಿಪ್ಪೂ ಬೇಡ. ಹೀಗಾಗಿ ಆ ಹೆಂಗಸರು ಆಸ್ಪತ್ರೆಯ ಹೊರಗೆ ಹೆಚ್ಚು ದಿನ ಕಳೆದರು. ಸಂಶೋಧಕರು ಆ ದಿನಗಳನ್ನೂ ಎಣಿಸಿದ್ದರು.

ಎಷ್ಟು ತಿಂಗಳು ಎಂದು ಕೇಳುತ್ತ ಬಂದ ಚರಿತ್ರೆ, ಅವುಗಳಲ್ಲಿ ಮನೆಯಲ್ಲಿ ಕಳೆದದ್ದೆಷ್ಟು ಎಂದೂ ಕೇಳಿತ್ತು.